ಮಕ್ಕಳ ಮನೆಗೆ ಸ್ವಂತ ಆದಾಯ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕ್ರೈಸ್ತ ಸಂಸ್ಥೆಗಳು ನಡೆಸುವ ಅನಾಥ ಮಕ್ಕಳ ಮನೆಗಳು ಸಣ್ಣ ಉದ್ದಿಮೆಯಿಂದ ಆದಾಯ ಕಂಡುಕೊಳ್ಳುವ ಬಗ್ಗೆ ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇವೆ. ದರಗಳು ಊರಿಂದೂರಿಗೆ ಬದಲಾಗುತ್ತವೆ. ಲೆಕ್ಕದ ಕ್ರಮ ನೋಡಿಕೊಂಡು ನಿಮ್ಮೂರಿನ ದರ ಹಾಕಿಕೊಳ್ಳಿ.

ನಮ್ಮಲ್ಲಿ 34 ಹೆಣ್ಣುಮಕ್ಕಳಿದ್ದಾರೆ. ಸಿಬ್ಬಂದಿ, ಸಿಸ್ಟರ್‌ಗಳು ಸೇರಿ 40 ಜನರ ಊಟ. ಹೊರದೇಶದ ದೇಣಿಗೆ ಅರ್ಧಕ್ಕಿಳಿದಿದೆ. ಬಾವಿ ಇರುವ ಒಂದೂವರೆ ಎಕರೆ ಜಾಗ ಇದೆ, ಕೈಯಲ್ಲಿ ನಾಲ್ಕು ಲಕ್ಷ ರೂಪಾಯಿ ಇದೆ. ಯಾವ ಉದ್ದಿಮೆ ಹಾಕಿದರೆ ಸಂಸ್ಥೆ ಪೂರ್ತಿ ತನ್ನ ಕಾಲ ಮೇಲೆ ನಿಂತೀತು?
— ಒಬ್ಬ ಸಿಸ್ಟರ್, ಬಂಟ್ವಾಳ ತಾಲ್ಲೂಕು

‘ಪೂರ್ತಿ’ ಎಂದಿದ್ದೀರಲ್ಲ ಸಿಸ್ಟರ್, ಮೊದಲು ಅದರ ಲೆಕ್ಕ ನೋಡೋಣ. ಊಟ, ಬಟ್ಟೆ, ಶಾಲೆ, ಔಷಧ, ಸಿಬ್ಬಂದಿ ಸಂಬಳದ ಪಾಲು ಎಲ್ಲ ಸೇರಿ ಒಂದು ಮಗುವಿಗೆ ತಿಂಗಳಿಗೆ 5,000 ರೂ. ಎಂದಿಟ್ಟುಕೊಂಡರೂ 34 ಮಕ್ಕಳಿಗೆ 1.7 ಲಕ್ಷ ಬೇಕು. ಸಣ್ಣ ಉದ್ದಿಮೆಯಲ್ಲಿ ಕೂಲಿ, ಕರೆಂಟು, ಯಂತ್ರದ ಸವಕಳಿ ಎಲ್ಲ ಕಳೆದು ನೂರು ರೂಪಾಯಿ ಮಾರಾಟಕ್ಕೆ ಹತ್ತು ಉಳಿದರೆ ಅದು ಒಳ್ಳೆಯ ವ್ಯಾಪಾರ. ಹಾಗಾದರೆ ತಿಂಗಳಿಗೆ 17 ಲಕ್ಷದ ಮಾರಾಟ ಆಗಬೇಕು. ಅಷ್ಟು ದೊಡ್ಡ ವ್ಯಾಪಾರವನ್ನು ಮಕ್ಕಳನ್ನು ಸಾಕುವ ಸಿಸ್ಟರ್‌ಗಳು ಹೊತ್ತುಕೊಂಡರೆ ಮಕ್ಕಳ ಕಡೆ ಗಮನ ಉಳಿಯುವುದಿಲ್ಲ. ಮೂರು ವರ್ಷದಲ್ಲಿ ಖರ್ಚಿನ ಕಾಲು ಭಾಗ ನೀವೇ ಹುಟ್ಟಿಸಿಕೊಳ್ಳುವುದು ಸಾಧ್ಯವಾಗುವ ಗುರಿ.

ಆ ಕಾಲು ಭಾಗವನ್ನು ಹುಡುಕಬೇಕಾದದ್ದು ಅಡುಗೆಮನೆಯಲ್ಲಿ. ಕಳೆದ 12 ತಿಂಗಳ ಬಿಲ್ಲುಗಳನ್ನು ತೆಗೆದು ಹಾಲು, ಮೊಟ್ಟೆ, ತರಕಾರಿ, ಬ್ರೆಡ್, ಸಮವಸ್ತ್ರ ಒಂದೊಂದಕ್ಕೂ ವರ್ಷಕ್ಕೆ ಎಷ್ಟು ಹೋಯಿತೆಂದು ಬರೆಯಿರಿ. ನೀವೇ ತಿನ್ನುವ ವಸ್ತುವನ್ನು ನೀವೇ ಬೆಳೆದರೆ ಗಿರಾಕಿ ಹುಡುಕಬೇಕಿಲ್ಲ, ಸಾಲ ಕೊಡಬೇಕಿಲ್ಲ, ಸಾಗಣೆ ಖರ್ಚಿಲ್ಲ.

ಹಾಲಿನಿಂದ ಶುರು ಮಾಡಿ. ಮೊಸರು, ಮಜ್ಜಿಗೆ ಸೇರಿ ತಲೆಗೆ ದಿನಕ್ಕೆ ಕಾಲು ಲೀಟರ್ ಹಿಡಿದರೆ 40 ಜನರಿಗೆ 10 ಲೀಟರ್. ದಿನಕ್ಕೆ ಸರಾಸರಿ 8ರಿಂದ 10 ಲೀಟರ್ ಕೊಡುವ ಎರಡು ಮಿಶ್ರತಳಿ ಹಸು ಸಾಕು. ಆದರೆ ಎರಡನ್ನೂ ಒಂದೇ ಸಲ ಕರು ಹಾಕಿದ ಸ್ಥಿತಿಯಲ್ಲಿ ಕೊಳ್ಳಬೇಡಿ. ಮೂರು ತಿಂಗಳು ಹಾಲು ಹೆಚ್ಚಾಗಿ, ಆಮೇಲೆ ಎರಡೂ ಒಟ್ಟಿಗೆ ಬತ್ತುತ್ತವೆ. ಕರು ಹಾಕುವುದರಲ್ಲಿ ಐದಾರು ತಿಂಗಳ ಅಂತರವಿರಲಿ. ಮುಂದಿನ ಕರುವಿಗೆ ಮೊದಲು 60 ದಿನ ಹಾಲು ಕರೆಯುವುದನ್ನು ನಿಲ್ಲಿಸಲೇಬೇಕು. ಕೊಳ್ಳುವಾಗ ದಲ್ಲಾಳಿಯ ಮಾತು ನಂಬದೆ, ಸಂಜೆ ಒಮ್ಮೆ, ಮರುದಿನ ಬೆಳಿಗ್ಗೆ ಒಮ್ಮೆ ಎದುರಿಗೆ ಕರೆಸಿ ಅಳೆದು ನೋಡಿ. ಕಿವಿಯೋಲೆ ಹಾಕಿಸಿ ವಿಮೆ ಮಾಡಿಸಿದ ಮೇಲೆಯೇ ಹಟ್ಟಿಗೆ ತನ್ನಿ.

ಒಂದು ಹಸುವಿಗೆ ದಿನಕ್ಕೆ ಹಸಿರು ಮೇವು 25ರಿಂದ 30 ಕಿಲೊ, ಬೈಹುಲ್ಲು 4ರಿಂದ 5 ಕಿಲೊ ಬೇಕು. ಪಶು ಆಹಾರ ಹಸುವಿನ ಮೈಗೆ ಒಂದೂವರೆ ಕಿಲೊ, ಮೇಲೆ ಪ್ರತಿ ಲೀಟರ್ ಹಾಲಿಗೆ 400 ಗ್ರಾಂ. ಹಟ್ಟಿಯ ತೊಳೆದ ನೀರು ಹಾಯಿಸಿದರೆ ನೇಪಿಯರ್ ಹುಲ್ಲು 15 ಗುಂಟೆಯಲ್ಲಿ ಎರಡು ಹಸುವಿಗೆ ಸಾಲುತ್ತದೆ. ಮೊದಲ ಕೊಯ್ಲು 75ನೇ ದಿನಕ್ಕೆ, ಆಮೇಲೆ 40–45 ದಿನಕ್ಕೊಮ್ಮೆ. ಹುಲ್ಲು ಹುಟ್ಟುವ ಮೊದಲೇ ಹಸು ತಂದವರು ಆ ಎರಡೂವರೆ ತಿಂಗಳು ಹಿಂಡಿ ಸುರಿದೇ ಸೋಲುತ್ತಾರೆ. ಹಾಗಾಗಿ ಹುಲ್ಲು ಮೊದಲು, ಹಸು ಆಮೇಲೆ.

ಇಲ್ಲಿ ಎಲ್ಲರೂ ತಪ್ಪುವ ಲೆಕ್ಕ ಆಳಿನದು. ತಿಂಗಳಿಗೆ 15,000 ರೂ. ಸಂಬಳದವನು ದಿನಕ್ಕೆ 500 ರೂ. ಆದ. ಹತ್ತು ಲೀಟರ್ ಹಾಲಿನ ಬೆಲೆಯೇ ಹೆಚ್ಚುಕಡಿಮೆ ಅಷ್ಟು. ಎರಡು ಹಸು ಒಬ್ಬ ಆಳನ್ನು ಸಾಕುವುದಿಲ್ಲ. ಅದೇ ಆಳು ಹುಲ್ಲು, ತರಕಾರಿ, ಕೋಳಿ ಮೂರನ್ನೂ ನೋಡಿಕೊಂಡರೆ ಮಾತ್ರ ಲೆಕ್ಕ ಕೂಡಿಬರುತ್ತದೆ. ಆದ್ದರಿಂದ ಹಸುವೊಂದನ್ನೇ ಹಾಕಿ ನಿಲ್ಲಿಸಬೇಡಿ.

ಮೊಟ್ಟೆಯ ವಿಷಯದಲ್ಲಿ ಹುಷಾರಾಗಿರಿ. ವಾರಕ್ಕೆ ತಲೆಗೆ ನಾಲ್ಕರಂತೆ 160 ಮೊಟ್ಟೆ, ದಿನಕ್ಕೆ 23. ಫಾರಂ ಕೋಳಿಯೊಂದು ದಿನಕ್ಕೆ 110 ಗ್ರಾಂ ಆಹಾರ ತಿನ್ನುತ್ತದೆ. 40 ಕೋಳಿಗೆ 4.4 ಕಿಲೊ. ಚಿಲ್ಲರೆಯಾಗಿ ಕಿಲೊಗೆ 35 ರೂ. ಕೊಟ್ಟು ತಂದರೆ ದಿನಕ್ಕೆ 154 ರೂ. ಮೊಟ್ಟೆ 30 ಸಿಕ್ಕರೂ ಒಂದಕ್ಕೆ ಆಹಾರದ ಖರ್ಚೇ ಐದು ರೂಪಾಯಿ ದಾಟಿತು. ಮರಿ ಸತ್ತದ್ದು, ಔಷಧ, ಬೋನು ಸೇರಿಸಿದರೆ ಅಂಗಡಿಯ ಮೊಟ್ಟೆಯೇ ಅಗ್ಗ. ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ ತಳಿಯನ್ನು ಅಂಗಳದಲ್ಲಿ ಬಿಟ್ಟು ಸಾಕಿ. ಮೊಟ್ಟೆ ಕಡಿಮೆ, ವರ್ಷಕ್ಕೆ ನೂರೈವತ್ತರೊಳಗೆ. ಆದರೆ 40 ಜನರ ಅಡುಗೆಮನೆಯಲ್ಲಿ ಉಳಿದ ಅನ್ನ, ತರಕಾರಿ ಸಿಪ್ಪೆ, ಹುಳುಹುಪ್ಪಟೆ ತಿಂದೇ ಅರ್ಧ ಹೊಟ್ಟೆ ತುಂಬಿಸಿಕೊಳ್ಳುತ್ತವೆ. ಹುಂಜಗಳು ಹಬ್ಬದ ಅಡುಗೆಗಾದವು. ಮೊಟ್ಟೆಯ ಅರ್ಧ ಮನೆಯಲ್ಲಿ, ಅರ್ಧ ಅಂಗಡಿಯಲ್ಲಿ ಎಂಬ ಲೆಕ್ಕ ಸಾಕು.

ತರಕಾರಿಗೆ 10 ಗುಂಟೆ ಬಿಡಿ. ನಿಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯಲ್ಲಿ ಸೊಪ್ಪು ಕೊಳೆಯುತ್ತದೆ. ಜನವರಿಯಲ್ಲಿ ಸೌತೆ ಹಾಕಿ, ಏಪ್ರಿಲ್‌ನಲ್ಲಿ ಕೊಯ್ದು, ಅಡ್ಡಕ್ಕೆ ತೂಗುಹಾಕಿ ಮಳೆಗಾಲಕ್ಕೆ ಉಳಿಸುವ ಹಿರಿಯರ ಕ್ರಮವೇ ಇಲ್ಲಿ ಸರಿ. ಮಳೆಯ ತಿಂಗಳುಗಳಿಗೆ ಕೆಸು, ಆಮೇಲಿನದಕ್ಕೆ ಸುವರ್ಣಗಡ್ಡೆ, ಬೇಸಿಗೆಗೆ ಬಸಳೆ, ಹರಿವೆ, ಅಲಸಂಡೆ.

ನಾಲ್ಕು ಲಕ್ಷದಲ್ಲಿ ಎರಡೂವರೆ ಲಕ್ಷಕ್ಕಿಂತ ಹೆಚ್ಚನ್ನು ಹಸು, ಹಟ್ಟಿ, ಪಂಪಿಗೆ ಹಾಕಬೇಡಿ. ಉಳಿದದ್ದು ಆರು ತಿಂಗಳ ಹಿಂಡಿ, ಸಂಬಳ, ಪಶುವೈದ್ಯರ ಖರ್ಚಿಗೆ ಬ್ಯಾಂಕಿನಲ್ಲಿರಲಿ. ಕೆಚ್ಚಲು ಬಾವು ಒಮ್ಮೆ ಬಂದರೆ ಹಾಲು, ಔಷಧ ಎರಡೂ ಕಡೆಯಿಂದ ಹೊಡೆತ ಬೀಳುತ್ತದೆ.

ಗಲ್ಫ್‌ನಲ್ಲಿರುವ ನಮ್ಮ ಚರ್ಚಿನವರೊಬ್ಬರು ಬೇಕರಿ ಓವನ್, ಹಿಟ್ಟು ಕಲಸುವ ಯಂತ್ರ ಕೊಡಿಸುತ್ತೇನೆ ಎನ್ನುತ್ತಿದ್ದಾರೆ. ಬ್ರೆಡ್ ಮಾಡಿ ಸುತ್ತಲಿನ ಅಂಗಡಿಗಳಿಗೆ ಹಾಕಬಹುದೇ?
— ಒಬ್ಬ ಫಾದರ್, ಉಡುಪಿ ಜಿಲ್ಲೆ

ಓವನ್ ಒಪ್ಪಿಕೊಳ್ಳುವ ಮೊದಲು ಅಂಗಡಿಯ ಲೆಕ್ಕ ನೋಡಿ, ಫಾದರ್. ಒಂದು ಪೌಂಡ್ ಬ್ರೆಡ್ಡಿಗೆ ತಗಲುವ ಖರ್ಚು 25 ರೂ., ಅಂಗಡಿಯವರ ಕಮಿಷನ್ ಹೋಗಿ ನಿಮಗೆ ಉಳಿಯುವುದು 3 ರೂ. ಎಂದಿಟ್ಟುಕೊಳ್ಳಿ. ನೂರು ಹಾಕಿದಿರಿ, 12 ವಾಪಸ್ ಬಂದವು. ಮಾರಿದ 88ರಿಂದ 264 ರೂ. ಲಾಭ, ವಾಪಸ್ ಬಂದ 12ರಿಂದ 300 ರೂ. ನಷ್ಟ. ಇಡೀ ದಿನ ದುಡಿದು 36 ರೂ. ಕೈಯಿಂದ ಹೋಯಿತು. ಸಣ್ಣ ಬೇಕರಿಗಳು ಮುಚ್ಚುವುದು ಹೆಚ್ಚಾಗಿ ಈ ವಾಪಸ್ ಮಾಲಿನಿಂದಲೇ, ಬ್ರೆಡ್ ಕೆಟ್ಟದಾಗಿದ್ದರಿಂದಲ್ಲ.

ಅಂಗಡಿಗಳನ್ನು ಬಿಟ್ಟು, ವಾಪಸ್ ಇಲ್ಲದ ನಿಗದಿ ಆರ್ಡರ್ ಹಿಡಿಯಿರಿ. ಶಾಲೆ, ಹಾಸ್ಟೆಲ್, ಆಸ್ಪತ್ರೆ ಕ್ಯಾಂಟೀನು, ಸುತ್ತಲಿನ ಕಾನ್ವೆಂಟುಗಳು ವಾರಕ್ಕೆ ಇಂತಿಷ್ಟು ಎಂದು ಬರೆದುಕೊಡಲಿ. ದಿನಕ್ಕೆ 70–80 ಬ್ರೆಡ್ಡಿನ ಲಿಖಿತ ಆರ್ಡರ್ ಬಂದ ಮೇಲೆ ಓವನ್ ಬರಲಿ. ವಿದ್ಯುತ್ ಓವನ್ನಾದರೆ ಮೂರು ಫೇಸ್ ಸಂಪರ್ಕ ಬೇಕು, ಅದಕ್ಕೆ ಬೇರೆ ಮೀಟರ್ ಹಾಕಿಸಬೇಕು. ಮಕ್ಕಳ ಮನೆಯ ಮೀಟರಿನಿಂದ ಎಳೆದರೆ ದಂಡವೂ ಬರುತ್ತದೆ, ಬೇಕರಿಯ ನಿಜವಾದ ಖರ್ಚೂ ತಿಳಿಯುವುದಿಲ್ಲ. ಕರೆಂಟು ಪದೇಪದೇ ಹೋಗುವ ಊರಾದರೆ ಗ್ಯಾಸ್ ಅಥವಾ ಡೀಸೆಲ್ ಓವನ್ನೇ ಸರಿ. ಅಚ್ಚಿನಲ್ಲಿ ಉಬ್ಬಿದ ಹಿಟ್ಟು ಕರೆಂಟಿಗಾಗಿ ಕಾಯುವುದಿಲ್ಲ.

ಅಳತೆ ಹೀಗಿರಲಿ. ಮೈದಾ 10 ಕಿಲೊ, ನೀರು 6 ಲೀಟರ್, ಒಣ ಇನ್‌ಸ್ಟಂಟ್ ಯೀಸ್ಟ್ 100 ಗ್ರಾಂ, ಉಪ್ಪು 180 ಗ್ರಾಂ, ಸಕ್ಕರೆ 500 ಗ್ರಾಂ, ಎಣ್ಣೆ ಅಥವಾ ಡಾಲ್ಡಾ 250 ಗ್ರಾಂ. ಒಟ್ಟು ಸುಮಾರು 17 ಕಿಲೊ ಹಿಟ್ಟು. 400 ಗ್ರಾಂ ಬ್ರೆಡ್ಡಿಗೆ 450 ಗ್ರಾಂ ಹಿಟ್ಟು ತೂಗಿ ಇಟ್ಟರೆ 37 ಬ್ರೆಡ್ ಬರುತ್ತದೆ. 430 ಗ್ರಾಂ ಇಟ್ಟರೆ ಬೆಂದ ಮೇಲೆ ತೂಕ ಕಡಿಮೆಯಾಗಿ ಪ್ಯಾಕೆಟ್ಟಿನ ಮೇಲಿನ ಅಂಕಿ ಸುಳ್ಳಾಗುತ್ತದೆ. ಕರಾವಳಿಯ ಸೆಕೆಗೆ ಕಲಸುವ ನೀರು ತಣ್ಣಗಿರಲಿ, ಬೇಸಿಗೆಯಲ್ಲಿ ಐಸ್ ಹಾಕಿ. ಕಲಸಿ ಮುಗಿದಾಗ ಹಿಟ್ಟಿನ ಬಿಸಿ 27–28 ಡಿಗ್ರಿ ಇರಬೇಕು. 32 ದಾಟಿದರೆ ಬೇಗ ಹುಳಿಯುತ್ತದೆ, ಓವನ್ನಿನಲ್ಲಿ ನೆತ್ತಿ ಕುಸಿಯುತ್ತದೆ. 200–220 ಡಿಗ್ರಿಯಲ್ಲಿ ಸುಮಾರು ಅರ್ಧ ಗಂಟೆ ಬೇಯಿಸಿ.

ಬೂಸ್ಟು ಹಿಡಿಯಲು ಮುಖ್ಯ ಕಾರಣ ಅವಸರ. ಒಳಗಿನ ಬಿಸಿ 35 ಡಿಗ್ರಿಗೆ ಇಳಿಯುವ ಮೊದಲೇ ಕತ್ತರಿಸಿ ಪ್ಯಾಕ್ ಮಾಡಿದರೆ ಪ್ಲಾಸ್ಟಿಕ್ಕಿನೊಳಗೆ ಬೆವರಿ, ಮಳೆಗಾಲದಲ್ಲಿ ಮೂರನೇ ದಿನಕ್ಕೆ ಹಸಿರು ಚುಕ್ಕೆ ಬೀಳುತ್ತದೆ. ಎರಡು ಮೂರು ಗಂಟೆ ಆರಲು ಬಿಡಿ, ಕತ್ತರಿಸುವ ಅಲಗನ್ನು ದಿನವೂ ಒರೆಸಿ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಇಲ್ಲದೆ ಒಂದು ಪ್ಯಾಕೆಟ್ಟೂ ಹೊರಗೆ ಹೋಗಬಾರದು. ಪ್ಯಾಕೆಟ್ಟಿನ ಮೇಲೆ ನೋಂದಣಿ ಸಂಖ್ಯೆ, ಪದಾರ್ಥಗಳು, ತೂಕ, ತಯಾರಿಸಿದ ದಿನ, ಸಸ್ಯಾಹಾರವೆಂದು ತೋರಿಸುವ ಹಸಿರು ಚುಕ್ಕೆಯ ಗುರುತು ಇರಲಿ.

ನಮ್ಮ ಮಾತು ಕೇಳುವುದಾದರೆ ಬ್ರೆಡ್ಡಿಗಿಂತ ಡಿಸೆಂಬರ್ ಲೇಸು. ನಿಮ್ಮ ಕಡೆಯ ಕ್ರೈಸ್ತ ಮನೆಗಳಲ್ಲಿ ಕ್ರಿಸ್ಮಸ್ಸಿಗೆ ಕುಸ್ವಾರ್ (ಹಬ್ಬದ ತಿಂಡಿಗಳು) ಬೇಕೇ ಬೇಕು. ನೆವ್ರಿ, ಕಿಡಿಯೊ, ಗುಳಿಯೊ, ತುಕ್ಡಿ, ರೋಸ್ ಕುಕ್ಕಿ, ಚಕ್ಕುಲಿ, ಪ್ಲಮ್ ಕೇಕ್ ಮಾಡಲು ಈಗ ಮನೆಗಳಲ್ಲಿ ಪುರುಸೊತ್ತಿಲ್ಲ. ಇದಕ್ಕೆ ಓವನ್ನೂ ಕೇಕಿಗೆ ಮಾತ್ರ ಬೇಕು. ನವೆಂಬರಿನ ಭಾನುವಾರಗಳಲ್ಲಿ ಪೂಜೆ ಮುಗಿದ ಮೇಲೆ ಮುಂಗಡ ಬುಕಿಂಗ್ ಮಾಡಿ, ಅರ್ಧ ಹಣ ಆಗಲೇ ಪಡೆಯಿರಿ. ಆ ಹಣದಲ್ಲೇ ಸಾಮಾನು ಬರುತ್ತದೆ, ಮಾಲು ಉಳಿಯುವುದಿಲ್ಲ. ಕೇಕಿನ ಒಣಹಣ್ಣು ನವೆಂಬರ್ ಮೊದಲ ವಾರದಲ್ಲೇ ನೆನೆಯಲಿ. ನೆವ್ರಿಯ ತೆಂಗಿನತುರಿಯನ್ನು ತೇವ ಪೂರ್ತಿ ಹೋಗುವವರೆಗೆ ಹುರಿಯದಿದ್ದರೆ ವಾರದಲ್ಲಿ ಕಮಟು ವಾಸನೆ ಬರುತ್ತದೆ. ಕರಿದ ಎಣ್ಣೆಯನ್ನು ಮರುದಿನಕ್ಕೆ ಇಡಬೇಡಿ. ಕರಿದದ್ದು ಪೂರ್ತಿ ಆರಿದ ಮೇಲೆಯೇ ಡಬ್ಬಿ ಮುಚ್ಚಿ.

ನಮ್ಮಲ್ಲಿ ಹದಿಮೂರು ಹದಿನಾಲ್ಕು ವಯಸ್ಸಿನ ಗಟ್ಟಿಮುಟ್ಟಾದ ಹುಡುಗರಿದ್ದಾರೆ. ಶಾಲೆ ಬಿಟ್ಟ ಮೇಲೆ ಎರಡು ಗಂಟೆ ಅವರೇ ಕೆಲಸ ಮಾಡಿದರೆ ಕೂಲಿ ಉಳಿಯುತ್ತದೆ, ಶಿಸ್ತೂ ಬರುತ್ತದೆ. ತಪ್ಪೇನು?
— ವಾರ್ಡನ್, ಚಿಕ್ಕಮಗಳೂರು ಜಿಲ್ಲೆ

ತಪ್ಪು ಎನ್ನುವುದಕ್ಕಿಂತ ಮುಂದೆ ಹೋಗಿ, ಅದು ಅಪರಾಧ ಎಂದು ತಿಳಿದಿರಿ. 2016ರ ತಿದ್ದುಪಡಿಯ ನಂತರ ಬಾಲಕಾರ್ಮಿಕ ಕಾಯ್ದೆ 14 ತುಂಬದವರನ್ನು ಯಾವ ಉದ್ಯೋಗಕ್ಕೂ ಹಚ್ಚುವಂತಿಲ್ಲ ಎನ್ನುತ್ತದೆ. ಶಾಲೆ ಬಿಟ್ಟ ಮೇಲೆ ಮನೆಯವರಿಗೆ ನೆರವಾಗಬಹುದೆಂಬ ವಿನಾಯಿತಿ ತಂದೆ ತಾಯಿ, ಒಡಹುಟ್ಟಿದವರು ಮತ್ತು ತಂದೆ ತಾಯಿಯ ಒಡಹುಟ್ಟಿದವರಿಗೆ ಮಾತ್ರ. ಸಂಸ್ಥೆ ಆ ಅರ್ಥದಲ್ಲಿ ಕುಟುಂಬವಲ್ಲ. 14ರಿಂದ 18ರವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಇನ್ನು 2015ರ ಬಾಲನ್ಯಾಯ ಕಾಯ್ದೆಯ 79ನೇ ಸೆಕ್ಷನ್ ಮಗುವಿನ ದುಡಿಮೆಯ ಹಣ ತಡೆಹಿಡಿಯುವುದನ್ನೂ ಅದನ್ನು ತಮ್ಮ ಉದ್ದೇಶಕ್ಕೆ ಬಳಸುವುದನ್ನೂ ಸೇರಿಸಿಕೊಳ್ಳುತ್ತದೆ. ಐದು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ದಂಡ. ‘ಮಕ್ಕಳ ಊಟಕ್ಕೇ ಹಾಕಿದೆವು’ ಎಂಬ ವಾದ ಅಲ್ಲಿ ನಿಲ್ಲುವ ಭರವಸೆ ಇಲ್ಲ.

ಕಾನೂನನ್ನು ಬದಿಗಿಟ್ಟರೂ ನಮ್ಮ ನಿಲುವು ಇದೇ. ಮಕ್ಕಳ ಕೈಗೆ ಕೂಲಿ ಕೊಡದೆ ಲಾಭ ತೋರಿಸಿದ ಉದ್ದಿಮೆ ನಿಜವಾಗಿ ನಷ್ಟದಲ್ಲಿದೆ, ಆ ನಷ್ಟವನ್ನು ಮಕ್ಕಳು ತುಂಬುತ್ತಿದ್ದಾರೆ. ಪರೀಕ್ಷೆಯ ತಿಂಗಳಲ್ಲಿ ಆರ್ಡರ್ ಬಂದರೆ ಪುಸ್ತಕ ಮುಚ್ಚುವವರು ಅವರೇ ತಾನೆ?

ತಮ್ಮ ಹಾಸಿಗೆ ಮಡಚುವುದು, ತಟ್ಟೆ ತೊಳೆಯುವುದು, ಒಂದು ಗಿಡ ನೋಡಿಕೊಳ್ಳುವುದು ಎಲ್ಲ ಮನೆಗಳಲ್ಲೂ ಇರುವಂಥದು, ಅದಕ್ಕೆ ಅಡ್ಡಿಯಿಲ್ಲ. ಕಸುಬು ಕಲಿಸುವುದಕ್ಕೂ ಅಡ್ಡಿಯಿಲ್ಲ. ಆದರೆ ಕಲಿಯುವ ಮಗು ಹೊಲಿದ ಅಂಗಿ ಆ ಮಗುವಿಗೇ ಹೋಗಲಿ, ಆರ್ಡರಿನ ಮಾಲಿಗೆ ಸೇರದಿರಲಿ. ಓವನ್, ಕಾದ ಎಣ್ಣೆ, ಕರಗಿದ ಮೇಣ, ಹುಲ್ಲು ಕತ್ತರಿಸುವ ಯಂತ್ರದ ಹತ್ತಿರ 18 ತುಂಬದ ಯಾರೂ ಸುಳಿಯಬಾರದು.

ಇನ್ನೊಂದು ಮಾತು. ಪ್ಯಾಕೆಟ್ಟಿನ ಮೇಲೆ ಮಕ್ಕಳ ಫೋಟೊ, ಹೆಸರು ಹಾಕಬೇಡಿ. ಪಾಲನೆಯ ಅಗತ್ಯವಿರುವ ಮಗುವಿನ ಗುರುತು ಬಯಲು ಮಾಡುವುದನ್ನು ಅದೇ ಕಾಯ್ದೆಯ 74ನೇ ಸೆಕ್ಷನ್ ನಿಷೇಧಿಸುತ್ತದೆ. ಕನಿಕರಕ್ಕೆ ಕೊಂಡವರು ಒಮ್ಮೆ ಕೊಳ್ಳುತ್ತಾರೆ, ರುಚಿಗೆ ಕೊಂಡವರು ಮತ್ತೆ ಬರುತ್ತಾರೆ.

ಮೇಣದಬತ್ತಿಗೆ ಚರ್ಚುಗಳಲ್ಲಿ ಸದಾ ಬೇಡಿಕೆ ಇದೆಯಲ್ಲ?
— ಓದುಗರು, ಕಾರ್ಕಳ

ಬೇಡಿಕೆ ಇದೆ, ಪೈಪೋಟಿಯೂ ಇದೆ. ಸಣ್ಣ ಬಿಳಿ ಬತ್ತಿಯಲ್ಲಿ ಯಂತ್ರದ ಮಾಲಿನ ದರಕ್ಕೆ ನೀವು ಇಳಿಯಲಾರಿರಿ. ಜ್ಞಾನಸ್ನಾನದ ಬತ್ತಿ, ಪೀಠದ ದಪ್ಪ ಬತ್ತಿ, ಪಾಸ್ಖದ (ಈಸ್ಟರ್) ಬತ್ತಿಯಂಥ ಕೈಕೆಲಸದವನ್ನು ಆರ್ಡರಿಗೆ ಮಾಡಿ. ನವೆಂಬರ್ 2ರ ಮೃತರ ಸ್ಮರಣೆ ಮತ್ತು ನಿಮ್ಮದೇ ಅತ್ತೂರಿನ ಜನವರಿ ಜಾತ್ರೆಗೆ ಎರಡು ತಿಂಗಳು ಮುಂಚೆ ತಯಾರಿ ಶುರುವಾಗಬೇಕು. 10 ಕಿಲೊ ಪ್ಯಾರಾಫಿನ್‌ಗೆ ಒಂದು ಕಿಲೊ ಸ್ಟಿಯರಿಕ್ ಆಸಿಡ್ ಸೇರಿಸಿ. ಕರಗುವ ಬಿಂದು 60–62 ಡಿಗ್ರಿಯ ಮೇಣ ಕೇಳಿ ತನ್ನಿ, ಕಡಿಮೆಯದು ಏಪ್ರಿಲ್ ಸೆಕೆಗೆ ಬಾಗುತ್ತದೆ. ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟೇ ಕರಗಿಸಬೇಕು, ನೇರ ಉರಿ ಬೇಡ. ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಹಾಕಬಾರದು, ಮುಚ್ಚಳ ಮುಚ್ಚಿ ಉರಿ ಆರಿಸಿ. ಒಣ ಪುಡಿಯ ಅಗ್ನಿಶಾಮಕ ಪಕ್ಕದಲ್ಲಿರಲಿ. ಹೊಗೆ ಹೆಚ್ಚಾದರೆ ಬತ್ತಿಯ ನೂಲು ದಪ್ಪವಾಗಿದೆ, ಮೇಣದ ಕೊಳದಲ್ಲಿ ಮುಳುಗಿ ಆರಿದರೆ ತೆಳುವಾಗಿದೆ ಎಂದರ್ಥ.

ಬಾಸೆಲ್ ಮಿಶನ್ ಹೆಂಚಿನ ಕಾರ್ಖಾನೆ ನಡೆಸಿತಲ್ಲ. ಅದೇ ದಾರಿಯಲ್ಲಿ ನಾವೂ ಯಾಕೆ ಹೋಗಬಾರದು?
— ಒಬ್ಬ ಪಾಸ್ಟರ್, ಧಾರವಾಡ

ಅವರಿಂದ ಕಲಿಯಬೇಕಾದ್ದಿದೆ. ಸ್ವಿಟ್ಜರ್ಲೆಂಡಿನಿಂದ 1834ರಲ್ಲಿ ಮಂಗಳೂರಿಗೆ ಬಂದ ಈ ಕ್ರೈಸ್ತ ಮಿಶನ್ 1841ರಲ್ಲಿ ಮುದ್ರಣಾಲಯ, ಆಮೇಲೆ ನೇಯ್ಗೆ, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಮತಾಂತರವಾಗಿ ಜಾತಿಯ ಕಸುಬು, ಮನೆಯ ಆಸರೆ ಕಳೆದುಕೊಂಡ ದೊಡ್ಡವರಿಗೆ ಕೂಲಿಯ ಕೆಲಸ ಕೊಡುವುದು ಅದರ ಉದ್ದೇಶವಾಗಿತ್ತು. ನೇತ್ರಾವತಿ ದಂಡೆಯ ಜೇಡಿಮಣ್ಣು ಹತ್ತಿರದಲ್ಲಿತ್ತು, ಜಾರ್ಜ್ ಪ್ಲೆಬ್ಸ್ಟ್ ಅವರಂಥ ತಂತ್ರ ಬಲ್ಲವರು ಇದ್ದರು, ವ್ಯಾಪಾರಕ್ಕೆಂದೇ 1859ರಲ್ಲಿ ಬೇರೆ ಕಂಪನಿಯೂ ಹುಟ್ಟಿತ್ತು. ಕಚ್ಚಾಮಾಲು ಹತ್ತಿರ, ಬಲ್ಲವರ ಕೈ, ಪ್ರತ್ಯೇಕ ಲೆಕ್ಕ ಈ ಮೂರನ್ನು ತೆಗೆದುಕೊಳ್ಳಿ. ಕಾರ್ಖಾನೆಯ ಗಾತ್ರವನ್ನಲ್ಲ.

ಉದ್ದಿಮೆ ಹಾಕಿದರೆ ಟ್ರಸ್ಟಿನ ತೆರಿಗೆ ವಿನಾಯಿತಿ ಹೋಗುತ್ತದೆ ಎಂದು ಹೆದರಿಸುತ್ತಾರೆ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ಅಡಿ ಬಂದ ಹಣದಲ್ಲಿ ಯಂತ್ರ ಕೊಳ್ಳಬಹುದೇ?
— ಟ್ರಸ್ಟಿ, ಬೆಂಗಳೂರು

ಟ್ರಸ್ಟಿನ ಉದ್ದೇಶಕ್ಕೆ ಪೂರಕವಾದ ವ್ಯಾಪಾರವಾಗಿದ್ದು, ಅದಕ್ಕೆ ಪ್ರತ್ಯೇಕ ಲೆಕ್ಕದ ಪುಸ್ತಕಗಳಿದ್ದರೆ ವಿನಾಯಿತಿ ಉಳಿಯುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಯ 11(4ಎ) ಹೇಳಿದ್ದು ಇದನ್ನೇ. ಹೊಸ ಕಾಯ್ದೆಯಲ್ಲಿ ಸೆಕ್ಷನ್ನಿನ ಸಂಖ್ಯೆ ಬೇರೆ, ಆಡಿಟರ್ ಹತ್ತಿರ ಕೇಳಿ ಟ್ರಸ್ಟ್ ಪತ್ರದ ಮಾತುಗಳನ್ನೂ ತಾಳೆ ನೋಡಿ. ಉದ್ದಿಮೆಗೆ ಬೇರೆ ಬ್ಯಾಂಕ್ ಖಾತೆ, ಬೇರೆ ಬಿಲ್ ಪುಸ್ತಕ, ಬೇರೆ ದಾಸ್ತಾನು ಪುಸ್ತಕ ಇರಲಿ. ಅಡುಗೆಮನೆಗೆ ಕೊಟ್ಟ ಹಾಲು, ಬ್ರೆಡ್ಡಿಗೂ ಮಾರುಕಟ್ಟೆ ದರದ ಬಿಲ್ ಹಾಕಿ. ಇಲ್ಲದಿದ್ದರೆ ಹಟ್ಟಿ ಯಾವಾಗಲೂ ನಷ್ಟದಲ್ಲಿ, ಅಡುಗೆಮನೆ ಯಾವಾಗಲೂ ಉಳಿತಾಯದಲ್ಲಿ ಕಾಣುತ್ತದೆ. ಪ್ರತಿ ಯಂತ್ರದ ಬೆಲೆಯನ್ನು ಬಾಳಿಕೆಯ ವರ್ಷಗಳಿಂದ ಭಾಗಿಸಿ, ದಾನವಾಗಿ ಬಂದಿದ್ದರೂ ಸವಕಳಿ ಬರೆಯಿರಿ. ಏಳು ವರ್ಷದ ನಂತರ ಓವನ್ ಹೋದಾಗ ಇನ್ನೊಬ್ಬ ದಾನಿ ಸಿಗುತ್ತಾರೆಂದು ಕಾಯಬಾರದು.

ವಿದೇಶಿ ದೇಣಿಗೆಯಿಂದ ಬಂದ ಆದಾಯವನ್ನೂ ಕಾನೂನು ವಿದೇಶಿ ದೇಣಿಗೆ ಎಂದೇ ಎಣಿಸುತ್ತದೆ. ಆ ಹಣದ ಓವನ್ನಿನಲ್ಲಿ ಬೆಂದ ಬ್ರೆಡ್ಡಿನ ಹಣವನ್ನು ಎಫ್‌ಸಿಆರ್‌ಎ ಲೆಕ್ಕದಲ್ಲಿ ತೋರಿಸುತ್ತಲೇ ಹೋಗಬೇಕಾಗುತ್ತದೆ. ಈ ಜಂಜಾಟಕ್ಕಿಂತ ಉದ್ದಿಮೆಯ ಬಂಡವಾಳ ಊರಿನ ದೇಣಿಗೆಯಿಂದಲೇ ಬರಲಿ, ವಿದೇಶಿ ಹಣ ಮಕ್ಕಳ ಶಾಲೆ, ಆರೋಗ್ಯಕ್ಕೆ ಹೋಗಲಿ. ಹೊರದೇಶದಲ್ಲಿದ್ದರೂ ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆಯಲ್ಲ. ಬೇರೆ ದೇಶದ ಪೌರತ್ವ ಪಡೆದವರು, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ ಸರಿ, ಕೊಟ್ಟದ್ದು ವಿದೇಶಿ ದೇಣಿಗೆಯೇ. ಮೇಲಿನ ಪತ್ರದ ಫಾದರ್ ತಮ್ಮ ದಾನಿಯ ಪಾಸ್‌ಪೋರ್ಟ್ ಯಾವುದೆಂದು ಮೊದಲು ಕೇಳಿಕೊಳ್ಳಲಿ.

ನಮ್ಮಲ್ಲಿ ಬೆಳೆದ ಹುಡುಗಿಗೆ 18 ತುಂಬಿತು. ಹೊಲಿಗೆ ಚೆನ್ನಾಗಿ ಬರುತ್ತದೆ. ನಮ್ಮ ಹೊಲಿಗೆ ಘಟಕದಲ್ಲೇ ಇಟ್ಟುಕೊಳ್ಳಬಹುದೇ?
— ಮೇಲ್ವಿಚಾರಕಿ, ಶಿವಮೊಗ್ಗ

ಧಾರಾಳವಾಗಿ, ಆದರೆ ಕೆಲಸಗಾರಳಾಗಿ. ನೇಮಕದ ಪತ್ರ ಕೊಡಿ, ಕನಿಷ್ಠ ವೇತನಕ್ಕೆ ಕಡಿಮೆಯಾಗದಂತೆ ಸಂಬಳ ಅವಳ ಹೆಸರಿನ ಖಾತೆಗೇ ಹೋಗಲಿ. ಊಟ, ವಸತಿಯ ಹಣ ಹಿಡಿಯುವುದಿದ್ದರೆ ಎಷ್ಟೆಂದು ಮೊದಲೇ ಬರೆದು ಅವಳ ಒಪ್ಪಿಗೆ ಪಡೆಯಿರಿ. ಹೊಲಿಗೆಯಲ್ಲಿ ಕೆಲಸ ಏಪ್ರಿಲ್‌ನಿಂದ ಜೂನ್‌ವರೆಗೆ ಸಮವಸ್ತ್ರದಿಂದ ತುಂಬಿ, ಆಗಸ್ಟಿನಲ್ಲಿ ಖಾಲಿಯಾಗುತ್ತದೆ. ಆ ತಿಂಗಳುಗಳಿಗೆ ಪೀಠದ ಬಟ್ಟೆ, ಪ್ರಥಮ ಪರಮಪ್ರಸಾದದ ಉಡುಪು, ಆಸ್ಪತ್ರೆಯ ಹಾಸುಬಟ್ಟೆಯ ಆರ್ಡರ್ ಹಿಡಿದಿಡಿ.

ಜೊತೆಗೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಹಾಕಿಸಿ. 18 ತುಂಬಿ ಸಂಸ್ಥೆ ಬಿಡುವವರಿಗೆ ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ 21ರವರೆಗೆ ತಿಂಗಳಿಗೆ 4,000 ರೂ. ನೆರವಿಗೆ ಅವಕಾಶವಿದೆ. ಸ್ವಂತ ಅಂಗಡಿಯ ಆಸೆ ಇದ್ದರೆ 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯಲ್ಲಿ, ಇಲ್ಲವೇ ನಿಮ್ಮ ಜಿಲ್ಲೆಯಲ್ಲಿ ಅದೇ ಮಾದರಿಯ ಬ್ಯಾಂಕ್ ತರಬೇತಿ ಕೇಂದ್ರದಲ್ಲಿ ಊಟ ವಸತಿ ಸಹಿತ ಉಚಿತ ತರಬೇತಿ ಸಿಗುತ್ತದೆ. ಅಲ್ಲಿಯ ಪ್ರಮಾಣಪತ್ರ ಬ್ಯಾಂಕ್ ಸಾಲಕ್ಕೆ ನೆರವಾಗುತ್ತದೆ. ಅವಳು ಹೊರಡುವಾಗ ಆಧಾರ್, ಅಂಕಪಟ್ಟಿ, ಪಾಸ್‌ಬುಕ್, ಅನುಭವದ ಪತ್ರ ಎಲ್ಲದರ ಮೂಲಪ್ರತಿ ಅವಳ ಕೈಯಲ್ಲೇ ಇರಬೇಕು, ಕಚೇರಿಯ ಕಪಾಟಿನಲ್ಲಲ್ಲ.